ಹೊನಲು ಬೆಳಕಿನ ಆಟ, ಕ್ಯಾಮೆರಾದ ಕಷ್ಟ

ನಮಸ್ಕಾರ ಕೇಳುಗರೇ.

ಹೊನಲು ಬೆಳಕಿನಲ್ಲಿ ಪಂದ್ಯ ನೋಡುವಾಗ ಮೈದಾನ ಹಗಲಿನ ಹಾಗೇ ಕಾಣುತ್ತದೆ, ಅಲ್ವಾ? ಅದು ನಮ್ಮ ಕಣ್ಣಿನ ಧಾರಾಳತನ. ಕ್ಯಾಮೆರಾಕ್ಕೆ ಅಷ್ಟು ಧಾರಾಳತನ ಇಲ್ಲ.

ನಾನು ಮೊದಲ ಸಲ ರಾತ್ರಿ ಫುಟ್‌ಬಾಲ್ ಫೋಟೊ ತೆಗೆದದ್ದು ಕ್ಯಾಮೆರಾ ಜೊತೆಗೇ ಬಂದಿದ್ದ ಜೂಮ್ ಲೆನ್ಸ್‌ನಲ್ಲಿ. ದೂರಕ್ಕೆ ಜೂಮ್ ಮಾಡಿದರೆ ಅದರ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ, ಎಫ್ 5.6ಕ್ಕಿಂತ ಹೆಚ್ಚು ತೆರೆಯುತ್ತಿರಲಿಲ್ಲ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಶಟರ್ ತೆರೆದು ಮುಚ್ಚುವ ವೇಗ ಸೆಕೆಂಡಿನ 125ನೇ ಒಂದು ಭಾಗಕ್ಕೆ ಇಳಿಯಿತು. ಮನೆಗೆ ಬಂದು ನೋಡಿದರೆ ಆಟಗಾರರೆಲ್ಲ ಒದ್ದೆ ಬಣ್ಣ ಒರೆಸಿದ ಹಾಗೆ. ಗೋಲ್ ಕಂಬ ಮಾತ್ರ ಚೆನ್ನಾಗಿ ಬಂದಿತ್ತು. ಅದು ಓಡುವುದಿಲ್ಲವಲ್ಲ!

ಅದಕ್ಕೇ ಹೇಳುತ್ತೇನೆ, ದುಡ್ಡು ಮೊದಲು ಲೆನ್ಸ್‌ಗೆ ಹಾಕಿ. ಎಫ್ 2.8 ಲೆನ್ಸ್ ಎಫ್ 5.6ಕ್ಕಿಂತ ನಾಲ್ಕು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಅಂದರೆ 125ರ ಜಾಗದಲ್ಲಿ ಶಟರ್ ಸೆಕೆಂಡಿನ 500ನೇ ಒಂದು ಭಾಗಕ್ಕೆ ಏರುತ್ತದೆ. ಓಡುವ ಕಾಲು ನಿಲ್ಲುವುದು ಅಲ್ಲಿಂದಲೇ. ದೂರದ್ದನ್ನು ಹತ್ತಿರ ತರುವ 70-200 ಎಂಎಂ ಎಫ್ 2.8 ಜೂಮ್ ಈ ಕೆಲಸಕ್ಕೆ ಹೆಸರುವಾಸಿ, ಆದರೆ ಭಾರ, ದುಬಾರಿ. ಒಳಾಂಗಣ ಆಟವಾದರೆ 85 ಎಂಎಂ ಎಫ್ 1.8 ಸಾಕು. ಎಫ್ 2.8ರ ಎರಡು ಪಟ್ಟಿಗೂ ಜಾಸ್ತಿ ಬೆಳಕು, ಬೆಲೆ ತುಂಬಾ ಕಡಿಮೆ. ಜೂಮ್ ಇಲ್ಲ, ನಿಮ್ಮ ಕಾಲೇ ಜೂಮ್.

ಕೈ ನಡುಕ ತಡೆಯುವ ಸ್ಟೆಬಿಲೈಸೇಶನ್ ನಂಬಿ ಕೂರಬೇಡಿ. ಅದು ನಿಮ್ಮ ಕೈಯನ್ನು ಹಿಡಿಯುತ್ತದೆ, ಆಟಗಾರನ ಕಾಲನ್ನಲ್ಲ.

ಈಗ ಫ್ಲಾಶ್. ಮೊದಲು ಕೇಳಬೇಕಾದ ಮಾತು: ಅನುಮತಿ ಇದೆಯಾ? ಬ್ಯಾಡ್ಮಿಂಟನ್, ಜಿಮ್ನಾಸ್ಟಿಕ್ಸ್‌ನಂಥ ಆಟಗಳಲ್ಲಿ ಕಣ್ಣಿಗೆ ಫ್ಲಾಶ್ ಹೊಡೆದರೆ ಆಟಗಾರರಿಗೆ ಅಪಾಯ. ಅಲ್ಲಿ ಅದನ್ನು ಬ್ಯಾಗಿನಿಂದ ತೆಗೆಯಲೇಬೇಡಿ.

ಅನುಮತಿ ಇದ್ದರೂ ದೂರ ಕಾಡುತ್ತದೆ. ಐದು ಮೀಟರ್‌ನಲ್ಲಿ ಸಿಗುವ ಬೆಳಕು ಹತ್ತು ಮೀಟರ್‌ನಲ್ಲಿ ಕಾಲು ಭಾಗ, ಇಪ್ಪತ್ತಕ್ಕೆ ಹದಿನಾರನೇ ಒಂದು ಭಾಗ. ಗ್ಯಾಲರಿಯಲ್ಲಿ ಕೂತು ಮಿಂಚಿಸಿದರೆ ಮುಂದಿನ ಸಾಲಿನವರ ತಲೆ ಮಾತ್ರ ಬೆಳಗುತ್ತದೆ.

ಹೊಸಬರು ಫ್ಲಾಶನ್ನು ಪೂರ್ತಿ ಶಕ್ತಿಯಲ್ಲಿ ಇಡುತ್ತಾರೆ. ನಾನು ಉಲ್ಟಾ ಮಾಡುತ್ತೇನೆ. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯನ್ನು, 100ರಿಂದ 1600ಕ್ಕೆ ಏರಿಸಿ, ಫ್ಲಾಶನ್ನು ಹದಿನಾರನೇ ಒಂದು ಭಾಗಕ್ಕೆ ಇಳಿಸಿ. ಫೋಟೊದಲ್ಲಿ ಫ್ಲಾಶಿನ ಬೆಳಕು ಮೊದಲಿನಷ್ಟೇ ಕಾಣುತ್ತದೆ. ಆದರೆ ಮಿಂಚುವ ಹೊತ್ತು ತೀರಾ ಚಿಕ್ಕದಾಗುತ್ತದೆ, ಚೆಂಡು ಗಾಳಿಯಲ್ಲೇ ನಿಲ್ಲುತ್ತದೆ. ಫ್ಲಾಶ್ ಬೇಗ ತುಂಬಿಕೊಂಡು ಮುಂದಿನ ಹೊಡೆತಕ್ಕೆ ಸಿದ್ಧ.

ಒಂದು ತೊಡಕಿದೆ. ಬಹುತೇಕ ಕ್ಯಾಮೆರಾಗಳಲ್ಲಿ ಸಾಮಾನ್ಯ ಫ್ಲಾಶ್ ಜೊತೆ ಶಟರ್ 200 ಅಥವಾ 250 ದಾಟುವುದಿಲ್ಲ. ಮೈದಾನದ ದೀಪ ಜೋರಾಗಿದ್ದರೆ ಆ ದೀಪದ ಬೆಳಕೂ ಫೋಟೊದಲ್ಲಿ ಸೇರಿ, ಆಟಗಾರನ ಜೊತೆ ಮಸುಕು ನೆರಳೊಂದು ಅಂಟಿಕೊಳ್ಳುತ್ತದೆ. ಹೈಸ್ಪೀಡ್ ಸಿಂಕ್ ಎಂಬ ಫ್ಲಾಶ್ ಸೆಟ್ಟಿಂಗ್ ಹಾಕಿದರೆ ಶಟರ್ ಏರುತ್ತದೆ, ಆದರೆ ಫ್ಲಾಶಿನ ಬಲ ಕುಸಿಯುತ್ತದೆ. ಹಾಗಾಗಿ ಮೈದಾನ ಬೆಳಕಾಗಿದ್ದರೆ ಲೆನ್ಸ್, ಕತ್ತಲಾಗಿದ್ದರೆ ಫ್ಲಾಶ್. ಆಗಲೂ ಅದನ್ನು ಲೆನ್ಸಿನಿಂದ ದೂರ, ಬ್ರಾಕೆಟ್ ಮೇಲೋ ಸ್ಟ್ಯಾಂಡ್ ಮೇಲೋ ಇಡಿ. ಇಲ್ಲದಿದ್ದರೆ ಎಲ್ಲರಿಗೂ ಕೆಂಪು ಕಣ್ಣು.

ಇನ್ನು ದೀಪಗಳ ಕಥೆ. ವಿದ್ಯುತ್ತಿನ ಜೊತೆ ಎಷ್ಟೋ ದೀಪಗಳು ಸೆಕೆಂಡಿಗೆ 100 ಅಥವಾ 120 ಸಲ ಮಿಣುಕುತ್ತವೆ. ಕಣ್ಣಿಗೆ ಗೊತ್ತಾಗದು. ಶಟರ್ ವೇಗ ಹೆಚ್ಚಾದರೆ ಒಂದು ಫೋಟೊ ಬೆಳ್ಳಗೆ, ಮುಂದಿನದು ಹಳದಿ. ಕ್ಯಾಮೆರಾದಲ್ಲಿ ಈ ಮಿಣುಕು ತಪ್ಪಿಸುವ ಆಂಟಿ ಫ್ಲಿಕರ್ ಇದ್ದರೆ ಹಾಕಿಕೊಳ್ಳಿ. ಆಟ ಶುರುವಾಗುವ ಅರ್ಧ ಗಂಟೆ ಮೊದಲೇ ಹೋಗಿ, ಮೈದಾನದ ನಾಲ್ಕು ಮೂಲೆಗಳನ್ನೂ ಒಂದೊಂದು ಸಲ ಕ್ಲಿಕ್ಕಿಸಿ ನೋಡಿ. ಯಾವುದಾದರೂ ಒಂದು ಮೂಲೆ ಕತ್ತಲಾಗಿಯೇ ಇರುತ್ತದೆ. ಅಲ್ಲಿ ಕೂರಬೇಡಿ. ನಮಸ್ಕಾರ.