ಯೂ ಮರಕ್ಕೆ ಕತ್ತರಿ ಹಾಕುವ ಮುಂಚೆ

ನಮಸ್ಕಾರ. ಚಳಿ ಬರುವ ಮುಂಚೆ ತೋಟವನ್ನೆಲ್ಲ ಒಂದು ಸಲ ಚೊಕ್ಕ ಮಾಡಿಬಿಡೋಣ ಅನ್ನಿಸುತ್ತದಲ್ಲ, ನನ್ನ ಪ್ರಕಾರ ದೊಡ್ಡ ಯೂ (yew) ಮರಗಳು, ಅಂದರೆ ತಂಪು ದೇಶಗಳ ತೋಟಗಳಲ್ಲಿ ಬೆಳೆಸುವ ಸೂಜಿ ಎಲೆಯ ನಿತ್ಯಹಸಿರು ಮರಗಳು, ಕೆಡುವುದು ಆ ಹುಮ್ಮಸ್ಸಿನಲ್ಲೇ. ಎಲೆ ಗುಡಿಸಿ ಆಯಿತು. ಕತ್ತರಿ ಹೇಗೂ ಕೈಯಲ್ಲಿದೆ. ಮರವನ್ನೂ ಸವರಿಬಿಟ್ಟರೆ ಕೆಲಸ ಮುಗಿಯಿತು. ತಿಂಗಳು ನೋಡಿದರೆ ಅಕ್ಟೋಬರ್ ಕೊನೆ! ದಯವಿಟ್ಟು ಬೇಡ.

ಕೊಂಬೆ ಕತ್ತರಿಸಿದ ಮೇಲೆ ನಾಲ್ಕು ದಿನ ಬೆಚ್ಚಗಿದ್ದರೂ ಸಾಕು, ಮರ ಚಿಗುರಲು ನೋಡುತ್ತದೆ. ಆ ಎಳೆ ಚಿಗುರು ಬಲಿಯುವ ಮುಂಚೆ ಹಿಮ ಬಿತ್ತು ಅಂದರೆ ಮುಗಿಯಿತು, ತುದಿಯೆಲ್ಲ ಕಂದಾಗಿ ಸುಟ್ಟ ಹಾಗೆ ಕಾಣುತ್ತದೆ. ಆಮೇಲೆ ರೋಗ ಬಂತು ಅಂತ ಔಷಧಿ ಹುಡುಕುತ್ತೇವೆ.

ಹಾಗಾದರೆ ಯಾವ ತಿಂಗಳು? ಎಲ್ಲರೂ ಇದನ್ನೇ ಕೇಳುತ್ತಾರೆ. ನಾನು ತಿರುಗಿ ಕೇಳುತ್ತೇನೆ: ಎಷ್ಟು ಕತ್ತರಿಸುತ್ತೀರಿ?

ಆಕಾರ ಸರಿ ಮಾಡುವಷ್ಟು ಸಾಕು ಅಂದರೆ ಆಗಸ್ಟ್, ಇಲ್ಲವೇ ಸೆಪ್ಟೆಂಬರ್ ಶುರು. ಉತ್ತರದ ತಂಪು ದೇಶಗಳ ಲೆಕ್ಕ ಹೇಳುತ್ತಿದ್ದೇನೆ. ಯೂ ನಿಧಾನದ ಮರ, ಚೆನ್ನಾಗಿ ಬೆಳೆದರೂ ವರ್ಷಕ್ಕೆ 20–30 ಸೆಂಟಿಮೀಟರ್. ಆ ವೇಳೆಗೆ ವರ್ಷದ ಬೆಳವಣಿಗೆ ಹೆಚ್ಚುಕಡಿಮೆ ಮುಗಿದಿರುತ್ತದೆ. ಒಂದು ಸಲ ಸವರಿದರೆ ಮುಂದಿನ ವಸಂತದವರೆಗೂ ಆಕಾರ ನಿಲ್ಲುತ್ತದೆ. ಸುಡುಬಿಸಿಲಿನ ದಿನ ಮಾತ್ರ ಬೇಡ, ಒಳಗೆ ನೆರಳಲ್ಲಿದ್ದ ಎಲೆ ಬಾಡುತ್ತದೆ.

ಮರ ಮಿತಿಮೀರಿ ಹರಡಿದೆ, ಗರಗಸವೇ ಬೇಕು ಅಂದರೆ ಕಥೆ ಬೇರೆ. ಆಗ ಮಾರ್ಚ್, ಹೆಚ್ಚೆಂದರೆ ಏಪ್ರಿಲ್. ಇಲ್ಲಿ ಯೂ ತನ್ನ ಬಂಧುಬಳಗದ ಹಾಗಲ್ಲ. ಪೈನ್, ಸೈಪ್ರೆಸ್ ಥರದ ಮರಗಳನ್ನು ಎಲೆಯಿಲ್ಲದ ಹಳೇ ಕೊಂಬೆಯವರೆಗೆ ಕಡಿದರೆ ಅಲ್ಲಿ ಮತ್ತೆ ಹಸಿರು ಬರುವುದು ಅಪರೂಪ. ಯೂ ಮಾತ್ರ ಬೋಳು ಕಾಂಡದಲ್ಲೂ ಚಿಗುರುತ್ತದೆ! ತೊಗಟೆಯ ಅಡಿಯಲ್ಲಿ ಮಲಗಿರುವ ಮೊಗ್ಗುಗಳು ಬೆಳಕು ಬಿದ್ದಾಗ ಏಳುತ್ತವೆ. ಆದರೆ ಅವಕ್ಕೆ ಇಡೀ ಬೇಸಿಗೆ ಸಿಗಬೇಕು, ಅದಕ್ಕೇ ವಸಂತ. ಎಲ್ಲ ಕಡೆ ಒಟ್ಟಿಗೆ ಕಡಿಯಬೇಡಿ. ಈ ವರ್ಷ ಒಂದು ಪಕ್ಕ, ಅದು ಚೇತರಿಸಿಕೊಂಡ ಮೇಲೆ ಇನ್ನೊಂದು. ಅರ್ಧ ಬೋಳಾದ ಮರ ನೋಡಲು ಚೆಂದ ಇರಲ್ಲ, ಒಪ್ಪಿದೆ. ಬುಡದಲ್ಲಿ ನೀರು ನಿಂತು ಸೊರಗಿರುವ ಮರವಾದರೆ ಗರಗಸ ಮುಟ್ಟಲೇಬೇಡಿ, ಮೊದಲು ನೀರು ಹರಿದುಹೋಗಲು ದಾರಿ ಮಾಡಿ.

ವಸಂತದಲ್ಲಿ ಇನ್ನೊಂದು ತೊಡಕಿದೆ, ಹಕ್ಕಿ ಗೂಡು. ಅಷ್ಟು ದಟ್ಟ ಮರ ಹಕ್ಕಿಗಳಿಗೆ ಇಷ್ಟ. ಬ್ರಿಟನ್ನಿನಲ್ಲಿ ಹಕ್ಕಿ ವಾಸವಿರುವ ಗೂಡನ್ನು ಬೇಕೆಂದೇ ಹಾಳು ಮಾಡಿದರೆ 1981ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಕಾನೂನು ಇರಲಿ ಬಿಡಲಿ, ಮೊದಲು ಕೊಂಬೆ ಸರಿಸಿ ಒಳಗೆ ನೋಡಿ.

ಇನ್ನು ಒಂಟಿಯಾಗಿ ನಿಂತ ಹಳೇ ಯೂ. ಒಳಗೆ ಟೊಳ್ಳಾಗಿದೆ, ಕಡಿದು ಸರಿ ಮಾಡೋಣ ಅನ್ನುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಸ್ಕಾಟ್ಲೆಂಡಿನ ಫೋರ್ಟಿಂಗಲ್ ಊರಿನ ಯೂ ಸಾವಿರಾರು ವರ್ಷ ಹಳೆಯದು ಅನ್ನುತ್ತಾರೆ. ಅದರ ಕಾಂಡ ಒಡೆದು ತುಂಡು ತುಂಡಾಗಿದೆ, ಆದರೂ ಹಸಿರಾಗಿದೆ. ಟೊಳ್ಳಾಗುವುದು ಈ ಮರದ ಮುಪ್ಪಿನ ರೀತಿ ಅಷ್ಟೇ. ಒಣಗಿದ, ಮುರಿದ ಕೊಂಬೆ ತೆಗೆಯಿರಿ ಸಾಕು. ಅದಕ್ಕೆ ಕಾಲ ನೋಡಬೇಕಿಲ್ಲ.

ಕೊನೆಗೆ ಆ ಕತ್ತರಿಸಿದ ರಾಶಿ. ಯೂ ಎಲೆ ವಿಷ, ಒಣಗಿದರೂ ವಿಷವೇ. ಇದೇ ಜಾತಿಯ ಎಲೆಯಿಂದ ಕ್ಯಾನ್ಸರ್ ಔಷಧಿಗೆ ಕಚ್ಚಾವಸ್ತು ತೆಗೆಯುತ್ತಾರೆ, ಆದರೆ ಬೇಲಿಯಾಚೆ ಮೇಯುವ ಕುದುರೆಗೆ, ಹಸುವಿಗೆ ಒಂದಿಷ್ಟು ಹೊಟ್ಟೆಗೆ ಹೋದರೂ ಪ್ರಾಣಾಪಾಯ. ಹಾಗಾಗಿ ಏಣಿ ಹತ್ತುವ ಮುಂಚೆ ಮರದ ಕೆಳಗೆ ಟಾರ್ಪಾಲು ಹಾಸಿ, ಕೈಗೆ ಗ್ಲೌಸ್ ಹಾಕಿಕೊಳ್ಳಿ.