ಪಾರ್ಕಿಗೆ ಬಂದ ದೇಣಿಗೆ: ಸಿಟಿ ಕೌನ್ಸಿಲ್ ಒಪ್ಪಿಗೆಗೆ ಕೈ ಎತ್ತುವ ಮೊದಲು ನೋಡಬೇಕಾದದ್ದು

[ದೃಶ್ಯ: ಖಾಲಿ ಸಭಾಂಗಣ. ಪರದೆಯ ಮೇಲೆ ಅಜೆಂಡಾ. ಕರ್ಸರ್ ಒಂದು ಸಾಲಿನ ಮೇಲೆ ನಿಲ್ಲುತ್ತದೆ.]

ಅಮೆರಿಕದ ಸಿಟಿ ಕೌನ್ಸಿಲ್‌ಗಳ ಅಜೆಂಡಾದಲ್ಲಿ ಕನ್ಸೆಂಟ್ ಕ್ಯಾಲೆಂಡರ್ ಎಂಬ ಭಾಗವೊಂದಿರುತ್ತದೆ. ಹಿಂದಿನ ಸಭೆಯ ನಡಾವಳಿ, ಮಾಮೂಲಿ ಬಿಲ್ಲು, ಎಲ್ಲವೂ ಚರ್ಚೆಯಿಲ್ಲದೆ ಒಂದೇ ಮತಕ್ಕೆ ಪಾಸಾಗುವ ಜಾಗ ಅದು. ಪಾರ್ಕಿಗೆ ಬಂದ ದೇಣಿಗೆಗಳು ಹೆಚ್ಚಾಗಿ ಅಲ್ಲೇ ಕೂತಿರುತ್ತವೆ. ಜೊತೆಗಿರುವ ಸಿಬ್ಬಂದಿ ವರದಿಯನ್ನು ತೆರೆದರೆ ‘ಫಿಸ್ಕಲ್ ಇಂಪ್ಯಾಕ್ಟ್’ ಎಂಬ ಸಾಲು ಸಿಗುತ್ತದೆ. ಬಜೆಟ್ ಮೇಲೆ ಎಷ್ಟು ಹೊರೆ ಬೀಳುತ್ತದೆ ಎಂದು ಹೇಳಬೇಕಾದ ಸಾಲು ಅದು. ದಾನವಾಗಿ ಬಂದದ್ದಕ್ಕೂ ನಗರದ ಖರ್ಚು ಇದ್ದೇ ಇರುತ್ತದೆ. ಹಾಗಾಗಿ ಅಲ್ಲಿ ‘ಇಲ್ಲ’ ಎಂದು ಬರೆದಿದ್ದರೆ ಒಬ್ಬ ಸದಸ್ಯರಾದರೂ ಆ ವಿಷಯವನ್ನು ಪಟ್ಟಿಯಿಂದ ಹೊರಗೆ ತೆಗೆಸಿ ಚರ್ಚೆಗೆ ಇಡಬೇಕು. ಅದಕ್ಕೆ ಸಾಮಾನ್ಯವಾಗಿ ಒಬ್ಬರು ಕೇಳಿದರೂ ಸಾಕು.

[ದೃಶ್ಯ: ಬೆಂಚಿನ ಕಾಲು, ತೀರಾ ಹತ್ತಿರದಿಂದ. ಕಾಂಕ್ರೀಟಿಗೆ ಬಿಗಿದ ಬೋಲ್ಟು, ಸುತ್ತ ತುಕ್ಕಿನ ಕಲೆ.]

ಈ ಬೋಲ್ಟನ್ನೇ ನೋಡಿ. ಕಾಂಕ್ರೀಟ್ ಹಾಸಿಗೆ ಸ್ವಲ್ಪವೂ ಇಳಿಜಾರು ಕೊಟ್ಟಿಲ್ಲ. ಮಳೆ ನೀರು ಕಾಲಿನ ಬುಡದಲ್ಲೇ ನಿಲ್ಲುತ್ತದೆ. ಮೊದಲು ಬೋಲ್ಟು ತುಕ್ಕು ಹಿಡಿಯುತ್ತದೆ, ಆಮೇಲೆ ಬೆಂಚು ಅಲುಗಾಡುತ್ತದೆ, ಕೊನೆಗೆ ಮರದ ಪಟ್ಟಿ ಸೀಳುತ್ತದೆ. ದಾನಿ ಕೊಟ್ಟಿದ್ದು ಬೆಂಚನ್ನು ಮಾತ್ರ. ಹಾಸು, ಅಲ್ಲಿಗೆ ಹೋಗುವ ದಾರಿ, ಪಕ್ಕದಲ್ಲಿ ಗಾಲಿಕುರ್ಚಿ ನಿಲ್ಲಲು ಬೇಕಾದ 30 ಇಂಚು ಅಗಲ, 48 ಇಂಚು ಉದ್ದದ ಸಮತಟ್ಟಾದ ಜಾಗ, ಇವೆಲ್ಲ ನಗರದ ಖರ್ಚು. ಹಲವು ವರ್ಷಗಳ ನಂತರ ಬೆಂಚು ಮುರಿದಾಗ ಫಲಕದಲ್ಲಿ ಹೆಸರಿರುವ ಕುಟುಂಬ ಹೊಸದನ್ನು ಹಾಕಿಕೊಡಿ ಎಂದು ಬರುತ್ತದೆ. ಅವರದೇನೂ ತಪ್ಪಿಲ್ಲ. ದೇಣಿಗೆ ಒಪ್ಪಂದದಲ್ಲಿ ‘ಶಾಶ್ವತವಾಗಿ’ ಎಂಬ ಪದ ಬರೆದುಕೊಟ್ಟವರ ತಪ್ಪು.

ಹಾಗಾಗಿ ಒಪ್ಪಂದದಲ್ಲಿ ಅವಧಿ ಸ್ಪಷ್ಟವಾಗಿರಲಿ: ಬೆಂಚು ಬಾಳುವಷ್ಟು ಕಾಲ, ಅಥವಾ ಇಂತಿಷ್ಟು ವರ್ಷ. ಅವಧಿ ಮುಗಿದಾಗ ನವೀಕರಿಸುವ ಮೊದಲ ಅವಕಾಶ ಅದೇ ಕುಟುಂಬಕ್ಕೆ. ಜಾಗ ಬದಲಿಸುವ ಹಕ್ಕು ನಗರಕ್ಕೆ. ಮೊತ್ತ ನಿಗದಿ ಮಾಡುವಾಗ ಬೆಂಚಿನ ಬೆಲೆ, ಅಳವಡಿಸುವ ಖರ್ಚು, ಅವಧಿ ಪೂರ್ತಿ ನಿರ್ವಹಣೆ, ಮೂರನ್ನೂ ಸೇರಿಸಬೇಕು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ 1986ರಲ್ಲಿ ಶುರುವಾದ ಬೆಂಚು ದತ್ತು ಯೋಜನೆಯಲ್ಲಿ ಒಂದು ಫಲಕಕ್ಕೆ ಬಹುಕಾಲ 10,000 ಡಾಲರ್ ಪಡೆದಿದ್ದಾರೆ. ಒಂದು ಬೆಂಚಿಗೆ ಅಷ್ಟೊಂದೇ ಎನಿಸುತ್ತದೆ, ನಿಜ. ಆದರೆ ಆ ಹಣ ನಿರ್ವಹಣೆಗೂ ಹೋಗುತ್ತದೆ ಎಂಬುದನ್ನು ನೆನಪಿಡಿ.

[ದೃಶ್ಯ: ಟೈಪ್ ಮಾಡಿದ ಹಳೆಯ ಉಯಿಲು. ಒಂದು ಸಾಲಿನ ಕೆಳಗೆ ಗೆರೆ ಎಳೆಯಲಾಗುತ್ತದೆ.]

ಷರತ್ತು ಹಾಕಿ ಕೊಟ್ಟ ದಾನ ಇದಕ್ಕಿಂತ ಅಪಾಯಕಾರಿ. ಜಾರ್ಜಿಯಾದ ಸೆನೆಟರ್ ಅಗಸ್ಟಸ್ ಬೇಕನ್ 1911ರ ಉಯಿಲಿನಲ್ಲಿ ಮೇಕನ್ ನಗರಕ್ಕೆ ಪಾರ್ಕಿನ ಜಾಗ ಬಿಟ್ಟರು. ಬಿಳಿಯರು ಮಾತ್ರ ಬಳಸಬೇಕು ಎಂಬುದು ಷರತ್ತು. ನಗರ ಒಪ್ಪಿಕೊಂಡಿತು, ದಶಕಗಳ ಕಾಲ ಹಾಗೆಯೇ ನಡೆಸಿತು. 1966ರಲ್ಲಿ ಸುಪ್ರೀಂ ಕೋರ್ಟು ಅದನ್ನು ಬಿಳಿಯರಿಗೆ ಮಾತ್ರ ಮೀಸಲಿಡುವಂತಿಲ್ಲ ಎಂದಿತು. ಸಂತೋಷದ ಸುದ್ದಿಯೇ. ಆದರೆ 1970ರಲ್ಲಿ ಅದೇ ಕೋರ್ಟು, ದಾನಿಯ ಷರತ್ತು ನಡೆಯದ ಕಾರಣ ಜಾಗ ವಾರಸುದಾರರಿಗೆ ಮರಳುತ್ತದೆ ಎಂಬ ತೀರ್ಪನ್ನು ಎತ್ತಿಹಿಡಿಯಿತು. ಪಾರ್ಕು ಯಾರಿಗೂ ಉಳಿಯಲಿಲ್ಲ. ದಾನಪತ್ರದಲ್ಲಿ ‘ವಾರಸುದಾರರಿಗೆ ಮರಳತಕ್ಕದ್ದು’ ಎಂಬ ಅರ್ಥದ ಮಾತು ಕಂಡರೆ ನಗರದ ವಕೀಲರು ಅಲ್ಲೇ ನಿಲ್ಲಬೇಕು.

ಸ್ಮಾರಕಗಳ ವಿಷಯ ಬೇರೆ. ಯೂಟಾದ ಪ್ಲೆಸೆಂಟ್ ಗ್ರೋವ್ ನಗರದ ಪಾರ್ಕಿನಲ್ಲಿ ಖಾಸಗಿಯವರು ಕೊಟ್ಟ ಹಲವು ಸ್ಮಾರಕಗಳಿದ್ದವು. ಇನ್ನೊಂದು ಧಾರ್ಮಿಕ ಗುಂಪು ತನ್ನದನ್ನೂ ನಿಲ್ಲಿಸಬೇಕೆಂದು ಕೇಳಿತು. ನಗರ ಒಪ್ಪಲಿಲ್ಲ. 2009ರಲ್ಲಿ ಸುಪ್ರೀಂ ಕೋರ್ಟು, ಪಾರ್ಕಿನಲ್ಲಿ ನಿಂತ ಶಾಶ್ವತ ಸ್ಮಾರಕ ಯಾರೇ ಕೊಟ್ಟಿರಲಿ ಅದು ಸರ್ಕಾರದ ಮಾತು ಎಂದು ತೀರ್ಪು ಕೊಟ್ಟಿತು. ಅಂದರೆ ಯಾವುದನ್ನು ಒಪ್ಪಬೇಕು ಎಂಬ ಆಯ್ಕೆ ನಗರದ್ದು. ಒಪ್ಪಿಕೊಂಡ ಮೇಲೆ ಅದರ ಹೊಣೆಯೂ ನಗರದ್ದೇ. ಲಿಖಿತ ನೀತಿಯನ್ನು ದಾನಿ ಬಾಗಿಲು ತಟ್ಟುವ ಮೊದಲೇ ಪಾಸು ಮಾಡಿಟ್ಟುಕೊಳ್ಳುವುದು ಕ್ಷೇಮ. ಅರ್ಜಿ ಮುಂದಿಟ್ಟುಕೊಂಡು ನಿಯಮ ಬರೆದರೆ ಆ ದಾನಿಯನ್ನು ನೋಡಿಯೇ ಬರೆದಂತೆ ಕಾಣುತ್ತದೆ.

[ದೃಶ್ಯ: ನಗರದ ನಕ್ಷೆ. ದೇಣಿಗೆ ಬಂದ ಪಾರ್ಕುಗಳು ಹಸಿರಾಗುತ್ತವೆ. ನಕ್ಷೆಯ ಒಂದು ಬದಿ ಬೂದುಬಣ್ಣದಲ್ಲೇ ಉಳಿಯುತ್ತದೆ.]

ದೇಣಿಗೆಗೆ ಒಂದು ಸ್ವಭಾವವಿದೆ: ಅದು ಉಳ್ಳವರ ಬೀದಿಯ ಪಾರ್ಕನ್ನೇ ಹುಡುಕಿಕೊಂಡು ಹೋಗುತ್ತದೆ. 2012ರಲ್ಲಿ ಹೂಡಿಕೆದಾರ ಜಾನ್ ಪಾಲ್ಸನ್ ಆ ಪಾರ್ಕನ್ನು ನೋಡಿಕೊಳ್ಳುವ ಖಾಸಗಿ ಸಂಸ್ಥೆಯಾದ ಸೆಂಟ್ರಲ್ ಪಾರ್ಕ್ ಕನ್ಸರ್ವೆನ್ಸಿಗೆ 10 ಕೋಟಿ ಡಾಲರ್ ಕೊಟ್ಟಾಗ, ಉಳಿದ ಬಡಾವಣೆಗಳ ಪಾರ್ಕುಗಳ ಗತಿಯೇನು ಎಂಬ ಪ್ರಶ್ನೆ ಎದ್ದಿತು. ದೊಡ್ಡ ಕನ್ಸರ್ವೆನ್ಸಿಗಳು ಬಜೆಟ್ಟಿನ 20 ಶೇಕಡಾವನ್ನು ಬಡ ಪಾರ್ಕುಗಳಿಗೆ ಕೊಡಲಿ ಎಂದು ರಾಜ್ಯದ ಸೆನೆಟರ್ ಡೇನಿಯಲ್ ಸ್ಕ್ವಾಡ್ರನ್ ಪ್ರಸ್ತಾಪಿಸಿದರು. ಅದು ಕಾನೂನಾಗಲಿಲ್ಲ. 2014ರಲ್ಲಿ ನ್ಯೂಯಾರ್ಕ್ ನಗರವೇ 13 ಕೋಟಿ ಡಾಲರ್ ತೆಗೆದಿಟ್ಟು 35 ಪಾರ್ಕುಗಳಿಂದ ದುರಸ್ತಿ ಶುರುಮಾಡಿತು. ಮಿನಿಯಾಪೊಲಿಸ್ 2016ರಲ್ಲಿ ಇನ್ನೂ ಒಳ್ಳೆಯ ಹಾದಿ ಹಿಡಿಯಿತು. ಬಡತನ, ಜನಾಂಗ, ಜನಸಾಂದ್ರತೆ, ಪಾರ್ಕಿನ ಸ್ಥಿತಿ ಇವುಗಳಿಗೆ ಅಂಕ ಕೊಟ್ಟು, ಹೆಚ್ಚು ಅಂಕ ಬಂದ ಪಾರ್ಕಿಗೆ ಮೊದಲು ಹಣ. ಅಂಕಪಟ್ಟಿ ಎಲ್ಲರ ಮುಂದಿದ್ದರೆ ಜಗಳ ಕಡಿಮೆ, ಶಿಫಾರಸು ಇನ್ನೂ ಕಡಿಮೆ.

ನಗರದ ಹೊರಗಿನಿಂದ ಬರುವ ಹಣಕ್ಕೂ ಇಂಥ ಪಟ್ಟಿಯೇ ಬಾಗಿಲು. 50,000ಕ್ಕಿಂತ ಹೆಚ್ಚು ಜನರಿರುವ ನಗರ ಪ್ರದೇಶಕ್ಕೆ ಮೆಟ್ರೊಪಾಲಿಟನ್ ಪ್ಲಾನಿಂಗ್ ಆರ್ಗನೈಸೇಶನ್, ಅಂದರೆ ಇಡೀ ಪ್ರದೇಶದ ಸಾರಿಗೆ ಯೋಜನೆ ಮಾಡುವ ಸಂಸ್ಥೆ, ಇರಲೇಬೇಕು. ಕನಿಷ್ಠ ನಾಲ್ಕು ವರ್ಷಗಳ ಸಾರಿಗೆ ಕಾಮಗಾರಿ ಪಟ್ಟಿ ಅದರ ಕೈಯಲ್ಲಿರುತ್ತದೆ. ಪಾರ್ಕಿನ ಸೈಕಲ್ ದಾರಿಗೆ ಕೇಂದ್ರದ ಸಾರಿಗೆ ಹಣ ಬೇಕಿದ್ದರೆ ಆ ಪಟ್ಟಿಯಲ್ಲಿ ಹೆಸರು ಬರಬೇಕು. ತನ್ನ ಆದ್ಯತೆಯ ಠರಾವನ್ನು ಪಟ್ಟಿ ಅಂತಿಮವಾದ ಮೇಲೆ ಕಳಿಸುವ ಕೌನ್ಸಿಲ್ ಮುಂದಿನ ಸುತ್ತಿಗೆ ಕಾಯಬೇಕಾಗುತ್ತದೆ.

[ದೃಶ್ಯ: ಎರಡು ದಿನಾಂಕಗಳ ಕ್ಯಾಲೆಂಡರ್. ಮೊದಲನೆಯದು ಅನುದಾನದ ಅರ್ಜಿಯ ಒಪ್ಪಿಗೆ, ಎರಡನೆಯದು ಜಾಗದ ನೋಂದಣಿ.]

ಕೊನೆಯದಾಗಿ, ಬಹಳ ಕಡೆ ಕೈತಪ್ಪುವ ಹಣದ ಮಾತು. ಕೇಂದ್ರದ ಲ್ಯಾಂಡ್ ಆ್ಯಂಡ್ ವಾಟರ್ ಕನ್ಸರ್ವೇಶನ್ ಫಂಡ್ ಪಾರ್ಕಿನ ಖರ್ಚಿನ ಅರ್ಧದಷ್ಟನ್ನು ಭರಿಸುತ್ತದೆ. ಉಳಿದ ಅರ್ಧ ನಗರದ ಪಾಲು. ದಾನವಾಗಿ ಬಂದ ಜಾಗದ ಮೌಲ್ಯವನ್ನೂ ಆ ಪಾಲಿಗೆ ಲೆಕ್ಕ ಹಿಡಿಯಬಹುದು. ಆದರೆ ಅನುದಾನ ಮಂಜೂರಾಗುವ ಮೊದಲೇ ಜಾಗವನ್ನು ಹೆಸರಿಗೆ ಮಾಡಿಸಿಕೊಂಡರೆ, ಮುಂಗಡವಾಗಿ ವಿಶೇಷ ಅನುಮತಿ ಪಡೆದಿರದಿದ್ದರೆ, ಆ ಮೌಲ್ಯ ಲೆಕ್ಕಕ್ಕೆ ಬರುವುದಿಲ್ಲ. ಹಣ ಪಡೆದ ಜಾಗ ಮುಂದೆಂದೂ ಪಾರ್ಕಾಗಿಯೇ ಇರಬೇಕು. ಬೇರೆ ಬಳಕೆಗೆ ಬೇಕಾದರೆ ಕೇಂದ್ರದ ಒಪ್ಪಿಗೆ ಪಡೆದು ಸಮಾನ ಮೌಲ್ಯದ ಬದಲಿ ಜಾಗ ಕೊಡಬೇಕು. ಆದ್ದರಿಂದ ದಾನಿ ಎಷ್ಟೇ ಅವಸರ ಮಾಡಿದರೂ ಮೊದಲು ಈ ಅನುದಾನ ನೋಡಿಕೊಳ್ಳುವ ರಾಜ್ಯದ ಅಧಿಕಾರಿಗೆ ಒಂದು ಫೋನ್ ಮಾಡಿ. ನೋಂದಣಿ ಕಚೇರಿಗೆ ಆಮೇಲೆ ಹೋದರಾಯಿತು.