ನೀವುವ ಕೈ

ಕೇಳುಗರಿಗೆ ನಮಸ್ಕಾರ.

ಯಾರಾದರೂ ಕಾಯಿಲೆ ಬಿದ್ದು ಆಸ್ಪತ್ರೆಯಿಂದ ಮನೆಗೆ ಬಂದರೆ ನಮ್ಮ ಕಡೆ ಮೊದಲು ಕೇಳುವ ಮಾತು, "ಎಣ್ಣೆ ಹಚ್ಚಿ ಸ್ನಾನ ಮಾಡಿಸಿ, ಮೈ ಹಗುರ ಆಗ್ತದೆ." ಮಂಗಳೂರಿನಲ್ಲಿ ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡಿಸುವ ನನಗೆ ಈ ಮಾತಿನಲ್ಲಿ ನಂಬಿಕೆ ಇದೆ. ಆದರೆ ಎಣ್ಣೆ ಯಾವಾಗ, ಎಲ್ಲಿಗೆ, ಎಷ್ಟು ಮೆಲ್ಲ ಎಂದು ಹೇಳಿಕೊಡುವವರು ಕಡಿಮೆ.

ಬೋಳಾರದ ಒಂದು ಮನೆ. ಯಜಮಾನರು ಬೋಟಿಗೆ ಹೋಗುತ್ತಿದ್ದವರು. ಪಾರ್ಶ್ವವಾಯು ಬಡಿದು ಎಡಗೈ ಮುಷ್ಟಿ ಕಟ್ಟಿತ್ತು. ಅವರ ಹೆಂಡತಿ, ನಾನು ಅಕ್ಕ ಎಂದು ಕರೆಯುವವರು, ದಿನಾ ಬೆರಳ ತುದಿ ಹಿಡಿದು ಬಿಡಿಸಲು ನೋಡುತ್ತಿದ್ದರು. ಎಳೆದಷ್ಟೂ ಮುಷ್ಟಿ ಬಿಗಿಯುತ್ತಿತ್ತು. ಆಗುವುದೇ ಹಾಗೆ. ಎಳೆತ ಬಿದ್ದ ಕೂಡಲೇ ಸ್ನಾಯು ಸೆಟೆದು ನಿಲ್ಲುತ್ತದೆ, ಸಾಕು ಬಿಡು ಎನ್ನುವ ಮಿದುಳಿನ ಅಪ್ಪಣೆ ಆ ಕೈಗೆ ಸರಿಯಾಗಿ ತಲುಪುವುದಿಲ್ಲ.

ಎಣ್ಣೆಯ ಬಟ್ಟಲನ್ನು ಬಿಸಿನೀರಿನಲ್ಲಿಟ್ಟು, ಬಿಸಿ ಎಷ್ಟೆಂದು ನನ್ನ ಮಣಿಕಟ್ಟಿನ ಮೇಲೆ ನೋಡಿದೆ. ಸ್ಪರ್ಶ ಕಡಿಮೆಯಾದ ಕೈಗೆ ಸುಟ್ಟರೂ ತಿಳಿಯುವುದಿಲ್ಲ. ಅವರ ತೋಳಿನ ಕೆಳಗೆ ದಿಂಬು ಕೊಟ್ಟು, ಬೆರಳ ಕಡೆಯಿಂದ ಮೊಣಕೈ ಕಡೆಗೆ ಅಂಗೈಯಲ್ಲಿ ನಿಧಾನ ನೀವಿದೆ. "ಸ್ವಲ್ಪ ಜೋರು ಒತ್ತಿ ಮಾರಾಯ್ರೆ, ಹೀಗೆ ಸವರಿದ್ರೆ ಎಂತ ಆಗ್ತದೆ?" ಅಂದರು ಅಕ್ಕ. ಸ್ವಲ್ಪ ಹೊತ್ತು ಬಿಟ್ಟು ಮಣಿಕಟ್ಟನ್ನು ಒಳಬದಿಗೆ ಮಡಿಚಿ, ಹೆಬ್ಬೆರಳನ್ನು ಬುಡದಲ್ಲಿ ಹಿಡಿದು ಮೆಲ್ಲ ಹೊರಕ್ಕೆ ತೆರೆದೆ. ಉಳಿದ ನಾಲ್ಕು ಬೆರಳು ತಾವಾಗಿಯೇ ಸಡಿಲಾದವು. ಒಳಗೆ ಬೆವರು ಕೂತು ಬಿಳಿಚಿಕೊಂಡ ಅಂಗೈ, ಅದರಲ್ಲಿ ಉಗುರು ಊರಿದ ನಾಲ್ಕು ಗುರುತು. ಅಕ್ಕ ಮಾತಾಡಲಿಲ್ಲ, ಒದ್ದೆ ಬಟ್ಟೆ ತಂದು ಒರೆಸಿದರು.

ಹೀಗೆ ಸಡಿಲಾದ ಕೈ ಹಾಗೆ ಉಳಿಯುವುದು ಸ್ವಲ್ಪ ಹೊತ್ತು ಮಾತ್ರ. ಮಾಲೀಸಿನ ಬೆಲೆಯೆಲ್ಲ ಇರುವುದು ಆ ಸ್ವಲ್ಪ ಹೊತ್ತಿನಲ್ಲಿ. ಆಗಲೇ ಕೈ ಚಾಚಿಸಬೇಕು, ಲೋಟ ಹಿಡಿಸಬೇಕು. ಎಣ್ಣೆ ಹಚ್ಚಿ ಮಲಗಿಸಿಬಿಟ್ಟರೆ ಸಂಜೆಗೆ ಮತ್ತೆ ಅದೇ ಮುಷ್ಟಿ. ಮಿದುಳಿಗೆ ಬಿದ್ದ ಪೆಟ್ಟನ್ನು ಯಾವ ತೈಲವೂ ವಾಸಿ ಮಾಡುವುದಿಲ್ಲ. ಧನ್ವಂತರ ತೈಲವಾ, ತೆಂಗಿನೆಣ್ಣೆಯಾ ಎಂದು ತುಂಬ ಜನ ಕೇಳುತ್ತಾರೆ. ವೈದ್ಯರು ತೈಲ ಬರೆದುಕೊಟ್ಟಿದ್ದರೆ ಅದನ್ನು ಹಚ್ಚಿ. ಇಲ್ಲವಾದರೆ ಮನೆಯ ತೆಂಗಿನೆಣ್ಣೆ ಸಾಕು, ಕೈ ಜಾರಿದರೆ ಆಯಿತು.

2008ರಲ್ಲಿ ನಮ್ಮ ಜಿಲ್ಲೆಯಲ್ಲಿ ಚಿಕೂನ್‌ಗುನ್ಯ ಹರಡಿದ್ದು ನಿಮಗೆ ನೆನಪಿರಬಹುದು. ಜ್ವರ ಇಳಿದರೂ ಗಂಟುನೋವು ತಿಂಗಳುಗಟ್ಟಲೆ ಬಿಡಲಿಲ್ಲ. ಬಾತು ಬಿಸಿಯಾಗಿದ್ದ ಗಂಟನ್ನೇ ಗಟ್ಟಿಯಾಗಿ ತಿಕ್ಕಿಸಿಕೊಂಡು ನೋವು ಹೆಚ್ಚಿಸಿಕೊಂಡವರು ಎಷ್ಟೋ ಮಂದಿ. ಬಿಸಿಯಿರುವ ಗಂಟನ್ನು ಮುಟ್ಟಬೇಡಿ, ಅದರ ಆಚೀಚೆಯ ಸ್ನಾಯುವನ್ನು ನೀವಿ. ಮೈಯಲ್ಲಿ ಜ್ವರ ಇರುವಾಗ ಮಾಲೀಸು ಬೇಡ. ಹೊಟ್ಟೆ ಸರಿಯಿಲ್ಲದಾಗ ಅಭ್ಯಂಗ ಬೇಡ ಎಂದು ಆಯುರ್ವೇದವೂ ಹೇಳುತ್ತದೆ.

ಇನ್ನೊಂದು ವಿಷಯವನ್ನು ನಾನು ಭಯಪಟ್ಟೇ ಕಲಿತದ್ದು. ಇನ್ನೂ ಈ ವಿದ್ಯೆ ಕಲಿಯದ ದಿನಗಳಲ್ಲಿ ನಮ್ಮ ದೊಡ್ಡಮ್ಮ ಸೊಂಟದ ಮೂಳೆ ಮುರಿದು ಮಲಗಿದ್ದರು. ಒಂದೇ ಕಾಲಿನ ಮೀನಖಂಡ ಬಾತು ಬಿಸಿಯಾಯಿತು. ಮಲಗಿ ಮಲಗಿ ನೀರು ತುಂಬಿರಬೇಕೆಂದು ಎರಡು ದಿನ ನಾನೇ ತಿಕ್ಕಿದೆ. ಒಳಗೆ ರಕ್ತ ಹೆಪ್ಪುಗಟ್ಟಿತ್ತು. ತಿಕ್ಕಿದರೆ ಹೆಪ್ಪು ಕಳಚಿಕೊಂಡು ಶ್ವಾಸಕೋಶಕ್ಕೆ ಹೋಗಬಹುದು, ಜೀವಕ್ಕೇ ಅಪಾಯ ಎಂದು ವೈದ್ಯರು ಹೇಳಿದಾಗ ನನ್ನ ಕೈಕಾಲು ತಣ್ಣಗಾಯಿತು. ದೊಡ್ಡಮ್ಮ ಉಳಿದುಕೊಂಡರು. ಒಂದೇ ಕಾಲು ಬಾತರೆ ಎಣ್ಣೆ ಬಾಟಲಿ ಬದಿಗಿಟ್ಟು ಕೂಡಲೇ ಆಸ್ಪತ್ರೆಗೆ ಹೋಗಿ. ದಯವಿಟ್ಟು.

ಹಾಸಿಗೆ ಹಿಡಿದವರ ಬೆನ್ನಿನ ಕೆಳಗೆ, ಹಿಮ್ಮಡಿಯಲ್ಲಿ ಚರ್ಮ ಕೆಂಪಾಗಿದ್ದರೆ ಅಲ್ಲೂ ತಿಕ್ಕಬಾರದು, ಹುಣ್ಣು ಬೇಗ ಆಗುತ್ತದೆ. ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಿಗೆ ಒತ್ತಿದಲ್ಲೆಲ್ಲ ನೀಲಿಗಟ್ಟಬಹುದು. ಸ್ತನದ ಶಸ್ತ್ರಚಿಕಿತ್ಸೆಯಾದ ಮೇಲೆ ತೋಳು ಬಾತರೆ ಅದಕ್ಕೆ ಬೇರೆಯೇ ಕ್ರಮವಿದೆ. 1930ರ ದಶಕದಲ್ಲಿ ಡೆನ್ಮಾರ್ಕಿನ ಚಿಕಿತ್ಸಕ ಎಮಿಲ್ ವೊಡ್ಡರ್ ರೂಪಿಸಿದ ಆ ಕ್ರಮದಲ್ಲಿ ಕೈಯ ಒತ್ತಡ ಚರ್ಮ ಸರಿಯುವಷ್ಟು ಮಾತ್ರ. ತಿಳಿದವರಿಂದ ಕಲಿತೇ ಮಾಡಿ.

ಬೋಳಾರದ ಮನೆಗೆ ನಾನು ಈಗ ವಾರಕ್ಕೊಮ್ಮೆ ಹೋಗುವುದು. ಉಳಿದ ದಿನ ಅಕ್ಕನೇ ನೀವುತ್ತಾರೆ, ಮೆಲ್ಲ. ಅಣ್ಣ ಎಡಗೈಯಲ್ಲಿ ಬಟ್ಟಲು ಒತ್ತಿ ಹಿಡಿದು ಬಲಗೈಯಲ್ಲಿ ಎಣ್ಣೆ ಹೊಯ್ಯುತ್ತಾರೆ. ಮೊನ್ನೆ ಹೊರಡುವಾಗ ಅಕ್ಕ ತಮ್ಮ ಬಲ ಹೆಗಲು ಹಿಡಿದುಕೊಂಡದ್ದು ಕಂಡಿತು. ಗಂಡನನ್ನು ಎತ್ತಿ ಕೂರಿಸಿ ಎಷ್ಟು ತಿಂಗಳಾಯಿತೋ. "ನನ್ನದು ಬಿಡಿ" ಅಂದರು. ಕೂರಿಸಿದೆ. ಬಟ್ಟಲಿನಲ್ಲಿ ಎಣ್ಣೆ ಇನ್ನೂ ಬೆಚ್ಚಗಿತ್ತು.